ಪ್ಲಾಸ್ಟಿಕ್ ಕ್ರಿಸ್‌ಮಸ್ ಟ್ರೀ ಕೊಂಡರೆ ಪರಿಸರ ಉಳಿಯುತ್ತದೆಯೇ?

ಡಿಸೆಂಬರ್ ಬಂತೆಂದರೆ ಮರ ಕಡಿಯಬೇಡಿ, ಪ್ಲಾಸ್ಟಿಕ್ ಕ್ರಿಸ್‌ಮಸ್ ಟ್ರೀ ಕೊಳ್ಳಿ ಎಂಬ ಸಲಹೆ ಮೊಬೈಲ್‌ಗಳಲ್ಲಿ ಓಡಾಡತೊಡಗುತ್ತದೆ. ಕೇಳಲು ಸರಿ ಎನಿಸುವ ಈ ಮಾತು ಎಷ್ಟು ನಿಜ? ನೋಡೋಣ.

ಲೆಕ್ಕ ಏನು ಹೇಳುತ್ತದೆ?

ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಸಂಸ್ಥೆ ಅಲ್ಲಿನ ಪರಿಸ್ಥಿತಿಗೆ ತಕ್ಕಂತೆ ಈ ಲೆಕ್ಕ ಹಾಕಿದೆ. ಸುಮಾರು 2 ಮೀಟರ್ ಎತ್ತರದ ಒಂದು ಪ್ಲಾಸ್ಟಿಕ್ ಮರದಿಂದ ವಾತಾವರಣಕ್ಕೆ ಬೀಳುವ ಹೊರೆ ಸುಮಾರು 40 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮ. ಅಷ್ಟೇ ಎತ್ತರದ ನಿಜವಾದ ಮರವನ್ನು ಹಬ್ಬದ ನಂತರ ಕಸದ ಗುಡ್ಡೆಗೆ ಎಸೆದರೆ ಈ ಹೊರೆ ಸುಮಾರು 16 ಕೆ.ಜಿ. ಚೂರು ಮಾಡಿ ಮಣ್ಣಿಗೆ ಹರಡಿದರೆ ಕೇವಲ 3.5 ಕೆ.ಜಿ.

ಇಷ್ಟು ವ್ಯತ್ಯಾಸ ಏಕೆ? ಪ್ಲಾಸ್ಟಿಕ್ ತಯಾರಿಕೆಗೆ ಪೆಟ್ರೋಲಿಯಂನಂಥ ಇಂಧನ ಮೂಲಗಳು ಮತ್ತು ಸಾಕಷ್ಟು ವಿದ್ಯುತ್ ಬೇಕು. ಇನ್ನು ಕಸದ ಗುಡ್ಡೆಯೊಳಗೆ ಗಾಳಿಯಾಡದೆ ಕೊಳೆಯುವ ಮರ ಮಿಥೇನ್ ಬಿಡುತ್ತದೆ. ಈ ಅನಿಲ ನೂರು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ.

ಅಂದರೆ ಪ್ಲಾಸ್ಟಿಕ್ ಮರವನ್ನು ಹತ್ತು ಹನ್ನೆರಡು ವರ್ಷ ಬಳಸಿದರೆ ಮಾತ್ರ ಅದು ಸರಿಯಾಗಿ ವಿಲೇವಾರಿ ಮಾಡಿದ ನಿಜ ಮರಕ್ಕೆ ಸಮ. ಎರಡೇ ವರ್ಷಕ್ಕೆ ಎಸೆದರೆ ಅದರಷ್ಟು ದುಬಾರಿ ಬೇರೊಂದಿಲ್ಲ.

ಹಾಗಾದರೆ ಏನು ಮಾಡಬೇಕು?

• ಮನೆಯಲ್ಲಿ ಪ್ಲಾಸ್ಟಿಕ್ ಮರ ಈಗಾಗಲೇ ಇದೆಯೇ? ಅದನ್ನೇ ಬಳಸಿ. ಎಸೆದು ಹೊಸದು ತಂದರೆ ಪರಿಸರಕ್ಕೆ ನಷ್ಟ.

• ಇಲ್ಲದಿದ್ದರೆ ನರ್ಸರಿಯಲ್ಲಿ ಸಿಗುವ ಅರೌಕೇರಿಯಾ ಗಿಡವನ್ನು ಕುಂಡದಲ್ಲಿ ಬೆಳೆಸಿ, ಪ್ರತಿ ವರ್ಷ ಅದನ್ನೇ ಸಿಂಗರಿಸಿ. ಗಾಳಿಮರದ ಕೊಂಬೆಯೂ ಸಾಕು. ಕಾಡಿನಿಂದ ಮರ ಕಡಿದು ತರಬೇಡಿ.

• ಗೋದಲಿಗೆ ಥರ್ಮೋಕೋಲ್ ಬೇಡ. ಅಲಂಕಾರದ ಥರ್ಮೋಕೋಲ್ ದೇಶದಲ್ಲಿ 2022ರ ಜುಲೈ 1ರಿಂದ ನಿಷೇಧಿತ. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೋದಲ್ಲಿ ಕಟ್ಟಿದ ಗೋದಲಿಯಲ್ಲಿ ಇದ್ದದ್ದು ಹುಲ್ಲು, ಎತ್ತು, ಕತ್ತೆ. ನಿಮ್ಮ ಗೋದಲಿಗೂ ಮಣ್ಣು, ಒಣಹುಲ್ಲು, ತೆಂಗಿನ ಗರಿ ಸಾಕು. ಹತ್ತು ದಿನ ಮೊದಲೇ ತಟ್ಟೆಯಲ್ಲಿ ರಾಗಿ ಬಿತ್ತಿದರೆ ಹಸಿರು ಹುಲ್ಲೂ ಸಿದ್ಧ.

• ಹಳೆಯ ಮಾದರಿಯ 100 ಬಲ್ಬುಗಳ ಸೀರಿಯಲ್ ಸೆಟ್ ಸುಮಾರು 40 ವ್ಯಾಟ್ ಎಳೆಯುತ್ತದೆ. ದಿನಕ್ಕೆ 6 ಗಂಟೆಯಂತೆ 30 ದಿನಕ್ಕೆ 7.2 ಯೂನಿಟ್. 5 ವ್ಯಾಟ್‌ನ ಎಲ್ಇಡಿ ಸರಕ್ಕೆ 0.9 ಯೂನಿಟ್ ಮಾತ್ರ. ಮಲಗುವ ಮುನ್ನ ಆರಿಸಿದರೆ ಇನ್ನೂ ಉಳಿತಾಯ.

• ಗಿಫ್ಟ್ ಪೇಪರನ್ನು ಮುಷ್ಟಿಯಲ್ಲಿ ಮುದುಡಿ ಬಿಡಿ. ಮತ್ತೆ ಅರಳಿಕೊಂಡರೆ ಅದರಲ್ಲಿ ಪ್ಲಾಸ್ಟಿಕ್ ಪದರ ಇರುವ ಸಾಧ್ಯತೆ ಹೆಚ್ಚು. ಅದು ಕಾಗದದ ಮರುಬಳಕೆಗೆ ಬಾರದು. ಮಿನುಗುಪುಡಿ ಹಾಕಿದ್ದಕ್ಕೂ ಇದೇ ಮಾತು. ಹಳೆಯ ಪತ್ರಿಕೆ ಅಥವಾ ಬಟ್ಟೆಯಲ್ಲಿ ಸುತ್ತಿ ಕೊಡಿ.

• ಕುಸ್ವಾರ್ ಹಂಚಲು ಸ್ಟೀಲ್ ಡಬ್ಬಿ ಇಲ್ಲವೇ ಬಾಳೆಲೆ ಬಳಸಿ. ಹಂಚುವಷ್ಟೇ ಮಾಡಿ, ಎಸೆದ ತಿಂಡಿಯೂ ಕಸದ ಗುಡ್ಡೆಯಲ್ಲಿ ಮಿಥೇನ್ ಆಗುತ್ತದೆ.

ಇದನ್ನು ಮಾತ್ರ ಮಾಡಬೇಡಿ

ಹಳೆಯ ಪ್ಲಾಸ್ಟಿಕ್ ಮರ, ಮಿಂಚುವ ತೋರಣಗಳನ್ನು ಹಿತ್ತಲಿನಲ್ಲಿ ಸುಡಬೇಡಿ. ಇವುಗಳಲ್ಲಿ ಹಲವು ಪಿವಿಸಿಯಿಂದ ಮಾಡಿದವು. ಪಿವಿಸಿ ಉರಿದಾಗ ಕಣ್ಣು, ಗಂಟಲು, ಶ್ವಾಸಕೋಶ ಉರಿಸುವ ಹೈಡ್ರೋಜನ್ ಕ್ಲೋರೈಡ್ ಮತ್ತು ವಿಷಕಾರಿ ಡಯಾಕ್ಸಿನ್‌ಗಳು ಹೊರಬರುತ್ತವೆ. ಹತ್ತಿರದಲ್ಲಿ ಮಕ್ಕಳು, ಆಸ್ತಮಾ ಇರುವವರು ಇದ್ದರೆ ಅಪಾಯ ಹೆಚ್ಚು. ಬಳಸುವಂತಿದ್ದರೆ ಬೇರೆಯವರಿಗೆ ಕೊಡಿ, ಇಲ್ಲವೇ ಒಣ ಕಸಕ್ಕೆ ಹಾಕಿ.

ನಮ್ಮ ತೀರ್ಮಾನ

ಪ್ಲಾಸ್ಟಿಕ್ ಮರ ಕೊಂಡ ಮಾತ್ರಕ್ಕೆ ಪರಿಸರ ಉಳಿಯದು. ಅದನ್ನು ಎಷ್ಟು ವರ್ಷ ಬಳಸುತ್ತೀರಿ, ಕೊನೆಗೆ ಏನು ಮಾಡುತ್ತೀರಿ ಎಂಬುದೇ ಮುಖ್ಯ. ಆ ಸಲಹೆ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಮುಂದಕ್ಕೆ ಕಳಿಸುವಾಗ ಈ ಒಂದು ಸಾಲು ಸೇರಿಸಿ: ಇರುವ ಮರವನ್ನೇ ಈ ಸಲವೂ ಹೊರತೆಗೆಯಿರಿ.