ಗಾಡಿಯಾಗಿನ ಹಾಡು, ಹಿಂದಿನ ಸೀಟಿನ ಅವ್ವ

ನಮ್ಮ ತಮ್ಮ ಹಳೇ ಕಾರು ತಗೊಂಡ ಮ್ಯಾಲೆ ಅವನಿಗೆ ಒಂದೇ ಚಿಂತಿ, ಅದರಾಗಿನ ಟೇಪು ಬದಲಿಸಬೇಕು. ಎಂಟು ಸಾವಿರ ಕೂಡಿಟ್ಟಿದ್ದ. ಡಿಕ್ಕಿಯಾಗ ದೊಡ್ಡ ಬಾಕ್ಸ್ ಇಡ್ತೀನಿ, ಎದಿ ನಡುಗಬೇಕು ಅಂದ. ನಾನು ಅಂದೆ, "ಎದಿ ನಡುಗೋದು ಆಮ್ಯಾಲೆ ನೋಡೋಣಪ್ಪ. ನಮ್ಮಜ್ಜಿ ಕ್ಯಾಸೆಟ್ಟಿನ ಹಾಡು ಅವ್ವನಿಗೆ ಕಾರಿನ್ಯಾಗ ಕೇಳಿಸಬೇಕು, ಅಷ್ಟು ಮಾಡು." ಅವ್ವನಿಗೆ ಈಗ ಕಿವಿ ಸ್ವಲ್ಪ ಮಂದ. ಅಜ್ಜಿ ಹೋಗಿ ಹದಿನಾರು ವರ್ಷ ಆತು. ಮನಿ ಟೇಪ್ ರೆಕಾರ್ಡರ್ ಕೆಟ್ಟ ಮ್ಯಾಲೆ ಆ ದನಿ ಯಾರೂ ಕೇಳಿರಲಿಲ್ಲ.

ಈ ಮಾತಿನ ಹಿಂದೆ ಒಂದು ದೊಡ್ಡ ಕಥಿನೇ ಐತಿ. ಗಾಡಿಯಾಗ ಹಾಡು ಮೊದ್ಲು ಹೆಂಗ್ಸರದ್ದೇ ಇತ್ತು. ಬಾದನಹಟ್ಟಿಯಿಂದ ಕುರುಗೋಡು ದೊಡ್ಡಬಸವೇಶ್ವರನ ಜಾತ್ರಿಗೆ ಬಂಡಿ ಕಟ್ಕೊಂಡು ಹೋಗೋವಾಗ, ಎತ್ತಿನ ಕೊರಳ ಗಂಟಿ ತಾಳ, ಹಿಂದೆ ಕುಂತ ಅತ್ತಿ-ಸೊಸಿಯರದ್ದು ಹಾಡು ಅಂತ ಅಜ್ಜಿ ಹೇಳ್ತಿದ್ಲು. ಬಂಡಿ ಹೊಡೆಯೋರು ಸುಮ್ಮನೆ ಕೇಳ್ತಿದ್ರಂತ. ಮೋಟಾರು ಬಂದ ಮ್ಯಾಲೆ ಎಂಜಿನ್ ಸದ್ದಿಗೆ ಆ ಹಾಡು ಮುಳುಗಿತು.

ಮೋಟಾರಿನ್ಯಾಗ ಯಂತ್ರದ ಹಾಡು ಬಂದದ್ದು ಅಮೆರಿಕದಾಗ. 1930ರಾಗ ಪಾಲ್ ಗಾಲ್ವಿನ್ ಅನ್ನೋರ ಕಂಪನಿ ಕಾರಿಗೆ ಕೂಡಿಸೋ ರೇಡಿಯೋ ಮಾರಾಟಕ್ಕ ಇಟ್ಟಿತು. ಮೋಟಾರು ಅನ್ನೋ ಪದಕ್ಕ ಬಾಲ ಸೇರಿಸಿ 'ಮೋಟೊರೋಲಾ' ಅಂತ ಹೆಸರಿಟ್ರು. ಮುಂದ ಮೊಬೈಲ್ ಫೋನಿನ ಮ್ಯಾಲೆ ನಾವು ನೋಡಿದ್ದು ಅದೇ ಹೆಸರು. ಆವಾಗಿನ ರೇಡಿಯೋದಾಗ ಗಾಜಿನ ವಾಲ್ವು ಇರ್ತಿದ್ವು. ಅವು ಕಾಯಬೇಕು, ಬ್ಯಾಟರಿ ತಿಂತಿದ್ವು, ಎಂಜಿನ್ನಿನ ಕಿಡಿ ಹಾರಿದ್ರ ಹಾಡಿನ್ಯಾಗ ಚಟಚಟ ಅಂತಿತ್ತು. 1947ರಾಗ ಟ್ರಾನ್ಸಿಸ್ಟರ್ ಕಂಡುಹಿಡಿದ ಮ್ಯಾಲೆ ಇವೆಲ್ಲ ಸಣ್ಣವಾದ್ವು, ಅಗ್ಗ ಆದ್ವು.

ನಮ್ಮ ಕಡಿ ಕಾರೇ ಅಪರೂಪ, ಇನ್ನ ಕಾರಿನ ರೇಡಿಯೋ ಎಲ್ಲಿ ಬರಬೇಕು? ಧಾರವಾಡದಾಗ ರೇಡಿಯೋ ನಿಲಯ ಶುರುವಾದದ್ದು 1950ರಾಗ. ಬಳ್ಳಾರಿ ಆಗಿನ್ನೂ ಮದ್ರಾಸಿಗೆ ಸೇರಿತ್ತು, ಮೈಸೂರು ಸೀಮಿಗೆ ಕೂಡಿದ್ದು 1953ರ ಅಕ್ಟೋಬರ್ 1ಕ್ಕ. 1957ರಾಗ ವಿವಿಧ ಭಾರತಿ ಬಂತು. ಮನ್ಯಾಗ ರೇಡಿಯೋ ಇಟ್ರ ಅಂಚೆ ಆಫೀಸಿಗೆ ಹೋಗಿ ಲೈಸೆನ್ಸ್ ಮಾಡಿಸಿ ರೊಕ್ಕ ಕಟ್ಟಬೇಕಿತ್ತು. ಅಂದ್ರ ಹಾಡು ಎಲ್ಲಿಂದಲೋ ಬರ್ತಿತ್ತು, ನಾವು ಕೇಳ್ತಿದ್ವಿ. ನಮ್ಮ ಹಾಡು ಅದರೊಳಗ ಹೋಗೋ ದಾರಿ ಇರಲಿಲ್ಲ.

ಆ ದಾರಿ ತೆರದದ್ದು ಕ್ಯಾಸೆಟ್. 1963ರಾಗ ಫಿಲಿಪ್ಸ್ ಕಂಪನಿ ಅದನ್ನ ತಂತು. ಕನ್ನಡದಾಗ ಮೈಸೂರು ಅನಂತಸ್ವಾಮಿಯವರ 'ನಿತ್ಯೋತ್ಸವ' ಕ್ಯಾಸೆಟ್ 1978ರಾಗ ಬಂದು ಮನಿಮನಿಗೆ ಹೋತು. ಲಾರಿ, ಟ್ರ್ಯಾಕ್ಟರಿಗೂ ಟೇಪು ಬಂತು. ಒಣಮೆಣಸಿನಕಾಯಿ ಹೇರಿಕೊಂಡು ಬ್ಯಾಡಗಿ ಮಾರ್ಕೆಟ್ಟಿಗೆ ರಾತ್ರಿಯೆಲ್ಲ ಹೋಗೋ ಡ್ರೈವರುಗಳಿಗೆ ನಿದ್ದಿ ಬರದಂಗ ಕಾಯ್ದದ್ದು ಅದೇ. ಆದ್ರ ನಮಗ ದೊಡ್ಡ ಮಾತು ಬ್ಯಾರೆ. ಪ್ಲೇಟಿನ್ಯಾಗ ಮನಿ ಮಂದಿ ಹಾಡು ತುಂಬಿಸಾಕ ಬರ್ತಿರಲಿಲ್ಲ, ಕ್ಯಾಸೆಟ್ಟಿನ್ಯಾಗ ಬರ್ತಿತ್ತು. ಎರಡು ಗುಂಡಿ ಕೂಡಿ ಒತ್ತಿದ್ರ ಮನ್ಯಾಗಿನ ದನಿ ಉಳೀತಿತ್ತು.

ಓದು-ಬರಹ ಇಲ್ಲದ ದರೋಜಿ ಈರಮ್ಮನೋರು ಬುರ್ರಕಥಾ ಕಾವ್ಯಗಳನ್ನ ಬಾಯಾಗೇ ಇಟ್ಕೊಂಡಿದ್ರು. ಅವರ ಬಾಯಿಂದ ಕೇಳಿ ಬರ್ಕೊಂಡೋರು ಇದ್ದದ್ದಕ್ಕ ಅವು ಪುಸ್ತಕ ಆದ್ವು. ನಮ್ಮಜ್ಜಿ ಹಾಡು ಬರ್ಕೊಳ್ಳೋರು ಯಾರಿದ್ರು? 1988ರಾಗ ಚಿಕ್ಕವ್ವನ ಮದುವ್ಯಾಗ ಮಾಮ ಟೇಪ್ ರೆಕಾರ್ಡರ್ ಇಟ್ಟು ಸೋಬಾನಿ ಹಾಡು, ಬೀಸೋ ಹಾಡು ತುಂಬಿಸಿದ್ದಕ್ಕ ಉಳಿದ್ವು. ನಡುವೆ ಕೂಸು ಅಳ್ತದ, ಯಾರೋ "ನೀರು ತಾರೇ" ಅಂತಾರ.

ಆದ್ರ ಕ್ಯಾಸೆಟ್ ಬಾಳಿಕಿ ಬರೋದಲ್ಲ. ನಮ್ಮ ಬಿಸಲಿಗೆ ಕಾರಿನ ಮುಂದಿನ ಗಾಜಿನ ಕೆಳಗ ಇಟ್ರ ಸೊಟ್ಟಾಗ್ತದ. 1982ರಾಗ ಸಿಡಿ ಬಂತು, ಆಮ್ಯಾಲೆ ಪೆನ್ ಡ್ರೈವ್, ಬ್ಲೂಟೂತ್. ಕಾರು ಕಂಪನಿಗಳು ಟೇಪು ಕೂಡಿಸೋದೇ ಬಿಟ್ರು. ಅದಕ್ಕ ಮೊದ್ಲು ಅಜ್ಜಿ ಹಾಡು ಕ್ಯಾಸೆಟ್ಟಿನಿಂದ ಬಿಡಿಸಬೇಕಿತ್ತು. ದೊಡ್ಡವ್ವನ ಮನಿ ಟೇಪು ತಂದು, ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ ಒರೆಸಿ, ಸಡಿಲಾದ ರೀಲು ಪೆನ್ಸಿಲ್ಲಿಲೆ ಸುತ್ತಿ, ಇಯರ್ ಫೋನಿನ ತೂತಿನಿಂದ ಲ್ಯಾಪ್‌ಟಾಪಿಗೆ ವೈರು ಕೊಟ್ಟು ತುಂಬಿಸಿದ್ವಿ. ಒಂದು ತಾಸಿನ ಕ್ಯಾಸೆಟ್ಟಿಗೆ ಒಂದು ತಾಸೇ ಹಿಡೀತದ, ಅವಸರ ಮಾಡಾಕ ಬರೋದಿಲ್ಲ.

ಆಮ್ಯಾಲೆ ಬಳ್ಳಾರಿ ಅಂಗಡಿಗೆ ಹೋದ್ವಿ. ಡಬ್ಬಿ ಮ್ಯಾಲೆ '50 ವ್ಯಾಟ್, ನಾಕು ಸ್ಪೀಕರಿಗೆ' ಅಂತ ದೊಡ್ಡದಾಗಿ ಬರೆದಿರ್ತಾರ. ಅದಕ್ಕ ಮರುಳಾಗಬ್ಯಾಡ್ರಿ. 12 ವೋಲ್ಟಿನ ಬ್ಯಾಟರಿ ಮ್ಯಾಲೆ ನಡೆಯೋ ಸೆಟ್ಟು ಒಂದೊಂದು ಸ್ಪೀಕರಿಗೆ ಖರೇವಂದ್ರ 15ರಿಂದ 20 ವ್ಯಾಟ್ ಕೊಡ್ತದ. ಸಣ್ಣ ಅಕ್ಷರದಾಗ 'ಆರ್‌ಎಂಎಸ್' ಅಂತ ಇರೋ ಲೆಕ್ಕಾನೇ ಖರೇ ಲೆಕ್ಕ. ಸ್ಪೀಕರಿನ ಡಬ್ಬಿ ಮ್ಯಾಲೆ 'ಡಿಬಿ' ಅಂತ ಇನ್ನೊಂದು ಸಂಖ್ಯೆ ಇರ್ತದ. 89 ಇದ್ದದ್ದಕ್ಕಿಂತ 92 ಇದ್ದದ್ದು ಅರ್ಧ ಕರೆಂಟಿನ್ಯಾಗ ಅಷ್ಟೇ ಸದ್ದು ಕೊಡ್ತದ. ಕಡಿಮಿ ರೊಕ್ಕದೋರು ಇದನ್ನ ನೋಡಬೇಕು.

ತಮ್ಮ ಇನ್ನೂ ಡಿಕ್ಕಿ ಬಾಕ್ಸಿನ ಮುಂದೇ ನಿಂತಿದ್ದ. ನಾನು ಕೇಳಿದೆ, "ಫೋನಿನ್ಯಾಗ ಅವ್ವ ಮಾತಾಡಿದ್ರ ದನಿ ಗುರ್ತು ಸಿಗ್ತದೋ ಇಲ್ಲೋ?" ಹಳೇ ಫೋನು 300ರಿಂದ 3400 ಹರ್ಟ್ಸ್ ತನಕದ ದನಿ ಅಷ್ಟೇ ದಾಟಿಸ್ತಿತ್ತು, ಆದ್ರೂ ಮಾತು ತಿಳೀತಿತ್ತು. ಬಾಕ್ಸು ಕೊಡೋದು 100 ಹರ್ಟ್ಸಿನ ಕೆಳಗಿನ ಗುಡುಗು. ಅಜ್ಜಿ ಹಾಡಿನ್ಯಾಗ ಆ ಗುಡುಗೇ ಇಲ್ಲ. ತಮ್ಮ ನಕ್ಕು ಬಿಟ್ಟ.

ಹಳೇ ಸ್ಪೀಕರಿನ ಕಾಗದ ಹರಿದು ಗರಗರ ಅಂತಿತ್ತು. ಮುಂದಿನ ಎರಡು ಬಾಗಿಲಿಗೆ ಹೊಸ ಸ್ಪೀಕರು 2,400, ಪೆನ್ ಡ್ರೈವ್ ಮತ್ತ ಬ್ಲೂಟೂತ್ ಇರೋ ಸೆಟ್ಟು 2,300, ಬಾಗಿಲ ತಗಡು ನಡುಗದಂಗ ಒಳಗ ಅಂಟಿಸೋ ಹಾಳಿ 900, ಕೂಲಿ 400. ಒಟ್ಟು 6,000 ರೂಪಾಯಿ. ಹಿಂದಿನ ಸ್ಪೀಕರು ಮುಟ್ಟಲಿಲ್ಲ. ಇದ್ದ ರೊಕ್ಕ ಮುಂದಿನ ಬಾಗಿಲಿಗೆ ಮೊದ್ಲು ಹಾಕಬೇಕು, ಆ ಹಾಳಿ ಮರೀಬಾರದು. ತಗಡು ನಡುಗಿದ್ರ ಎಂಥ ಸ್ಪೀಕರೂ ಡಬ್ಬಿ ಬಡಿದಂಗ ಕೇಳ್ತದ.

ಇನ್ನ ಒಂದೇ ತೊಡಕು ಉಳೀತು. ಅವ್ವ ಯಾವತ್ತೂ ಹಿಂದಿನ ಸೀಟಿನ್ಯಾಗೇ ಕೂಡ್ತಾಳ. ಬಂಡಿಯಾಗ ಹಿಂದೆ, ಜೀಪಿನ್ಯಾಗ ಹಿಂದೆ, ಕಾರಿನ್ಯಾಗೂ ಹಿಂದೆ. "ಮುಂದ ಗಂಡಸ್ರು ಕೂಡ್ಲಿ" ಅಂದ್ಲು. ನಾನೇ ಹಿಂದೆ ಹತ್ತಿ ಕುಂತು, "ಅವ್ವ, ಹೊಸ ಸ್ಪೀಕರು ಮುಂದ ಅದಾವು, ನೀನು ಮುಂದೇ ಕೂಡಬೇಕು" ಅಂದೆ.

ಕುರುಗೋಡು ದಾರಿಯಾಗ ತಮ್ಮ ಹಾಡು ಹಚ್ಚಿದ. ಮೊದ್ಲು ಕೂಸು ಅತ್ತದ್ದು ಕೇಳ್ತು. ಅವ್ವ ಅಂದ್ಲು, "ಅದು ನೀನೇ." ಅದು ನನಗ ಗೊತ್ತೇ ಇರಲಿಲ್ಲ. ಆಮ್ಯಾಲೆ ಅಜ್ಜಿ ದನಿ ಬಂತು. ಅವ್ವ ಮಾತಾಡಲಿಲ್ಲ. ಎರಡನೇ ಹಾಡಿಗೆ ಅಜ್ಜಿ ಒಂದು ಸಾಲು ಮರೆತು ನಿಂತಿದ್ಲು, ಅವ್ವ ಆ ಸಾಲು ಹಾಡಿ ತುಂಬಿಸಿದ್ಲು. ತಮ್ಮ ಸುಮ್ಮನೆ ಗಾಡಿ ಹೊಡೀತಿದ್ದ.

ಉಳಿದ ಎರಡು ಸಾವಿರ ಹಂಗೇ ಐತಿ, ಬಾಕ್ಸಿನ ಮಾತು ತಮ್ಮ ಮತ್ತ ತೆಗೆದಿಲ್ಲ. ಅಕ್ಕೋರೆ, ನಿಮ್ಮ ಮನಿ ಟ್ರಂಕಿನ್ಯಾಗೂ ಅಂಥ ಕ್ಯಾಸೆಟ್ ಇದ್ರ ಈ ಬ್ಯಾಸಿಗಿ ಮುಂಚೆ ತೆಗೀರಿ. ದೊಡ್ಡವ್ವನ ಟೇಪು ಇನ್ನೂ ನಡೀತದ, ಬೇಕಾದೋರು ತಗೊಂಡು ಹೋಗ್ರಿ.