ಪಾಂಢರಿ ಮತ್ತು ಎರೆ: ಮಣ್ಣಿನ ಮನೆಗೆ ಜಾಗ ಯಾವುದು?

ನಾನು ಹುಟ್ಟಿದ ಊರು ಯಡ್ರಾವ. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿಗೆ ಸೇರಿದ್ದು. ಇಚಲಕರಂಜಿಯ ಮಗ್ಗುಲಲ್ಲೇ ಇದೆ. ನಮ್ಮ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಮಾಸ್ತರಿಕೆಗೆಂದು ಕಾಸರಗೋಡಿಗೆ ಬಂದ ನನಗೆ, ಒಳಗೆ ಕನ್ನಡ, ಹೊರಗೆ ಮಲಯಾಳ ಎಂಬ ಇಲ್ಲಿಯ ಬದುಕು ಹೊಸದೆನಿಸಲಿಲ್ಲ. ಹೊಸದೆನಿಸಿದ್ದು ಮನೆಗಳು ಕೂತ ರೀತಿ. ಇಲ್ಲಿ ಗುಡ್ಡೆಯ ಬದಿಯನ್ನು ಸಮತಟ್ಟು ಮಾಡಿ ಒಂದೊಂದೇ ಮುರಕಲ್ಲಿನ ಮನೆ, ಕೆಳಗೆ ಗದ್ದೆ ಅಥವಾ ತೋಟ. ನಮ್ಮಲ್ಲಿ ಊರೆಲ್ಲ ಒಂದೇ ಎತ್ತರದಲ್ಲಿ ಗೋಡೆಗೆ ಗೋಡೆ ತಾಗಿಸಿ ಕುಳಿತಿರುತ್ತದೆ, ಸುತ್ತಲೂ ಹೊಲ.

ಇದೇಕೆ ಹೀಗೆಂದು ನಾನು ಯೋಚಿಸಿದ್ದು ಇತ್ತೀಚೆಗೆ, ಅಣ್ಣನ ಮಗನ ದೆಸೆಯಿಂದ. ಊರೊಳಗಿನ ನಮ್ಮ ಹಳೆಯ ಮಾಳಿಗೆ ಮನೆ ಬಿದ್ದುಹೋಗಿದೆ. ಹುಡುಗ ಮತ್ತೆ ಮಣ್ಣಿನ ಮನೆಯನ್ನೇ ಕಟ್ಟಬೇಕೆಂದು ಹಟ ಹಿಡಿದ. ಆದರೆ ಹೊಲದಲ್ಲಿ, ಹಳ್ಳದ ದಂಡೆಯ ಮೇಲೆ. "ಊರಾಗ ಗಾಳಿ ಇಲ್ಲ, ಬೆಳಕ ಇಲ್ಲ ಕಾಕಾ. ಹೊಲದಾಗ ಕಟ್ಟಿದ್ರ ಕಣ್ಣಿಗೆ ಹಸರ, ಮಣ್ಣೂ ಅಲ್ಲೇ ಸಿಗತದ" ಎಂದ. ಅವನ ಕೂಡಿಟ್ಟ ಹಣವೆಲ್ಲ ಇದಕ್ಕೇ ಹೋಗುವುದಿತ್ತು. ಹೌದು ಅಥವಾ ಬೇಡ ಎನ್ನುವ ಮುನ್ನ ಹಿರಿಯರು ಏನು ಮಾಡಿದ್ದರೆಂದು ನೋಡಬೇಕೆನಿಸಿತು.

ಉತ್ತರ ಒಂದು ಮಾತಿನಲ್ಲಿಯೇ ಇತ್ತು. ಆ ಕಡೆಯ ಮರಾಠಿಯಲ್ಲಿ ಊರು ಕುಳಿತ ನೆಲಕ್ಕೆ 'ಪಾಂಢರಿ' ಎನ್ನುತ್ತಾರೆ, ಉಳುವ ನೆಲಕ್ಕೆ 'ಕಾಳಿ'. ಒಂದು ಬಿಳಿದು, ಇನ್ನೊಂದು ಕರಿದು. ನಮ್ಮ ಕನ್ನಡದಲ್ಲಿ ಕರಿಯದು ಎರೆಮಣ್ಣು. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಕೈ ತೂರುವಷ್ಟು ಬಿರಿಯುತ್ತದೆ. ಬೆಳೆಗೆ ಬಂಗಾರ, ಗೋಡೆಗೆ ಶತ್ರು. ಅದರ ಮೇಲೆ ನಿಂತ ಗೋಡೆ ವರ್ಷಕ್ಕೊಮ್ಮೆ ಏರಿ ಇಳಿದು ಸೀಳುತ್ತದೆ. ಬಿಳಿಮಣ್ಣಿಗೆ ಆ ಚಂಚಲತೆ ಇಲ್ಲ. ಪಾಳುಬಿದ್ದ ಊರಿನ ಮಣ್ಣಿಗೆ ಉತ್ತರ ಕರ್ನಾಟಕದಲ್ಲಿ 'ಹಾಳಮಣ್ಣು' ಎಂಬ ಹೆಸರಿದೆ. ಮಾಳಿಗೆಗೆ ಹಾಸಲು ಅದನ್ನೇ ಹುಡುಕಿ ತರುತ್ತಿದ್ದರು.

ಈ ಬಿಳಿಮಣ್ಣಿನ ಬಹುಪಾಲು ಮನುಷ್ಯನೇ ಮಾಡಿದ್ದು. ಮಣ್ಣಿನ ಗೋಡೆ ಬೀಳುತ್ತದೆ, ಅದರ ಮೇಲೆಯೇ ಇನ್ನೊಂದು ಏಳುತ್ತದೆ. ಒಲೆಯ ಬೂದಿ, ಸುಣ್ಣ, ಸಗಣಿ ಎಲ್ಲ ಸೇರಿ ನೆಲ ತಲೆಮಾರಿನಿಂದ ತಲೆಮಾರಿಗೆ ಎತ್ತರವಾಗುತ್ತದೆ. ಆದ್ದರಿಂದಲೇ ಮಹಾರಾಷ್ಟ್ರದಲ್ಲಿ ಪ್ರಾಚೀನ ನೆಲೆ ಹುಡುಕುವವರು ಮೊದಲು ಪಾಂಢರಿ ದಿಬ್ಬ ಎಲ್ಲಿದೆ ಎಂದು ಕೇಳುತ್ತಾರೆ. ಕೊಲ್ಹಾಪುರದಲ್ಲಿ ಪಂಚಗಂಗೆಯ ದಂಡೆಯ ಬ್ರಹ್ಮಪುರಿ ಅಂಥದೊಂದು ದಿಬ್ಬ. ರಾಜಾರಾಮ ಕಾಲೇಜಿನ ಕನ್ನಡ ಪ್ರಾಧ್ಯಾಪಕ ಕೆ.ಜಿ. ಕುಂದಣಗಾರರು ಅಲ್ಲಿ ಅಗೆಸಿದರು. 1945-46ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಎಚ್.ಡಿ. ಸಾಂಕಲಿಯಾ ಮತ್ತು ಎಂ.ಜಿ. ದೀಕ್ಷಿತರು ಆ ಕೆಲಸ ಮುಂದುವರಿಸಿದರು. ರೋಮನರ ಸಮುದ್ರದೇವನ ಕಂಚಿನ ಮೂರ್ತಿ ಸಿಕ್ಕಿದ್ದು ಅಲ್ಲಿಯೇ. ಶಾತವಾಹನರ ಕಾಲದಲ್ಲಿ ಜನ ವಾಸವಿದ್ದ ಜಾಗದ ಮೇಲೆಯೇ ಮುಂದಿನ ಕಾಲದವರೂ ಮನೆ ಕಟ್ಟಿದ್ದರು. ನೀರು ಹತ್ತಿರವಿರಬೇಕು, ಆದರೆ ಕಾಲಿಗಿಂತ ಕೆಳಗಿರಬೇಕು ಎಂಬುದು ಅವರ ಲೆಕ್ಕ.

ಆ ಲೆಕ್ಕ ತಪ್ಪಿದರೇನೆಂದು ನಮ್ಮ ಕಾಲದಲ್ಲೇ ಕಂಡೆವು. 2005, 2019 ಮತ್ತು 2021ರ ಮಹಾಪೂರಗಳಲ್ಲಿ ಕೃಷ್ಣೆ-ಪಂಚಗಂಗೆಯರ ಸಂಗಮವಿರುವ ಶಿರೋಳ ತಾಲೂಕು ತತ್ತರಿಸಿತು. ಸಿಮೆಂಟಿನ ಗೋಡೆಯಾದರೆ ನೀರಿಳಿದ ಮೇಲೆ ತೊಳೆದುಕೊಳ್ಳಬಹುದು. ಮಣ್ಣಿನ ಗೋಡೆ ಬುಡದಲ್ಲಿ ನೆನೆದರೆ ಕುಸಿದೇ ಹೋಗುತ್ತದೆ.

ಹಿರಿಯರು ಮಾಡಿದ್ದೆಲ್ಲ ಸರಿ ಎಂದು ಮಾತ್ರ ನಾನು ಹೇಳಲಾರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ ಜಿಲ್ಲೆಯ ಕಿಲ್ಲಾರಿ ಸೀಮೆ ನಡುಗಿದಾಗ ಸಾವಿರಾರು ಜನ ಸತ್ತದ್ದು ತಮ್ಮ ಮನೆಗಳಡಿಯಲ್ಲೇ. ದುಂಡುಕಲ್ಲನ್ನು ಬರೀ ಕೆಸರಿನಲ್ಲಿ ಪೇರಿಸಿದ ದಪ್ಪ ಗೋಡೆ, ಅದರ ಮೇಲೆ ಮಣ್ಣು ಹೇರಿದ ಭಾರದ ಮಾಳಿಗೆ. ಆಮೇಲೆ 52 ಹಳ್ಳಿಗಳನ್ನು ಬೇರೆ ಕಡೆ ಕಟ್ಟಿದರು. ನಗರದ ಬಡಾವಣೆಯಂತೆ ಗೆರೆ ಎಳೆದ ಹೊಸ ಊರುಗಳು ಹಳೆಯದಕ್ಕಿಂತ ಬಹಳ ಹೆಚ್ಚು ನೆಲ ನುಂಗಿದವು, ಹೊಲವೂ ಹೋಯಿತು. ಜಾಗದ ಬುದ್ಧಿ ಹಳೆಯದಿರಲಿ, ಮಾಳಿಗೆಯ ಭಾರ ಇಳಿಯಲಿ ಎಂಬುದು ನಾನು ಅದರಿಂದ ಕಲಿತ ಪಾಠ.

ಉಳಿದದ್ದು ಚಳಿ. ಕಾಸರಗೋಡಿನವರಿಗೆ ಇದು ವಿಚಿತ್ರವೆನಿಸಬಹುದು, ಆದರೆ ಪುಷ್ಯಮಾಸದಲ್ಲಿ ನಮ್ಮ ಕಡೆ ಕಂಬಳಿಯಿಲ್ಲದೆ ನಿದ್ರೆಯಿಲ್ಲ. ಕಳೆದ ಚಳಿಗಾಲದಲ್ಲಿ ಊರಿಗೆ ಹೋದಾಗ ನಸುಕಿಗೆ ಹುಡುಗನನ್ನು ಕರೆದುಕೊಂಡು ಹಳ್ಳದ ದಂಡೆಗೆ ನಡೆದೆ. ಇಳಿಯುತ್ತಿದ್ದಂತೆ ಕಾಲು ಜುಮ್ಮೆಂದವು. ಕಬ್ಬಿನ ಮೇಲೆ ಮಂಜು ಕೂತಿತ್ತು. ತಂಪುಗಾಳಿ ಭಾರದ್ದು, ನೀರಿನಂತೆ ಅದೂ ತಗ್ಗಿಗೇ ಹರಿದು ನಿಲ್ಲುತ್ತದೆ. ಮೇಲಾಗಿ ಕಬ್ಬಿನ ಹೊಲ ವರ್ಷವಿಡೀ ಹಸಿ. ಹಗಲಿನ ಬಿಸಿಲನ್ನು ಹಿಡಿದಿಟ್ಟು ರಾತ್ರಿ ಬಿಟ್ಟುಕೊಡುವುದೇ ಮಣ್ಣಿನ ಗೋಡೆಯ ದೊಡ್ಡ ಗುಣ. ಒದ್ದೆ ನೆಲದಲ್ಲಿ, ನೆರಳಿನಲ್ಲಿ ಆ ಗುಣ ಸಾಯುತ್ತದೆ. ಲಡಾಖಿನ ಕಡುಚಳಿಯಲ್ಲಿ ಹಸಿ ಇಟ್ಟಿಗೆಯ ಮನೆಗಳು ನಿಲ್ಲುವುದೂ ಬಿಸಿಲಿಗೆ ಮುಖಮಾಡಿದ ಇಳಿಜಾರಿನಲ್ಲೇ. ಕೆಳಗಿನ ನೀರಾವರಿ ನೆಲ ಬಾರ್ಲಿಗೆ ಮೀಸಲು.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೊಲದ ಮೇಲಿನ ಬದುವಿನತ್ತ ಕೈಮಾಡಿ, "ಅಲ್ಲಿ ಎರಿ ತೆಳು ಐತಿ ಕಾಕಾ, ಪೈರ ಸರಿ ಏಳಂಗಿಲ್ಲ" ಎಂದ. ಸಲಿಕೆ ಹಾಕಿ ನೋಡಿದೆವು. ಮೊಳದಾಳಕ್ಕೆ ಗಟ್ಟಿ ಗರಸು ತಾಗಿತು. ಬೆಳಗಿನ ಬಿಸಿಲು ಅಲ್ಲಿಗೇ ಮೊದಲು ಬಂತು. ಬೆಳೆಗೆ ಬೇಡವಾದ ಆ ತುಂಡೇ ಮನೆಗೆಂದು ಗೊತ್ತಾಯಿತು. ಕಲ್ಲಿನ ಎತ್ತರದ ಬುನಾದಿ, ಮಣ್ಣಿನ ಗೋಡೆ, ಮಾಳಿಗೆಯ ಬದಲು ಹಗುರ ಹಂಚು. ಬಿದ್ದ ಮನೆಯ ಬಿಳಿಮಣ್ಣನ್ನು ಜರಡಿ ಹಿಡಿದು ಬಳಸುವುದು.

ಪಾಂಢರಿ ಎಂಬ ಮಾತನ್ನು ಅವನು ದಿನವೂ ಆಡುತ್ತಿದ್ದ. ಹಾಳಮಣ್ಣು ಎಂಬುದನ್ನು ನನ್ನ ಬಾಯಲ್ಲೇ ಮೊದಲು ಕೇಳಿದ. ಎರಡು ನುಡಿಯ ನಡುವೆ ಬದುಕುವ ನಮಗೆ ಇಂಥ ಮಾತು ಎರಡೂ ಕಡೆಯಿಂದ ಸಿಗಬೇಕು. ಕೇಳದಿದ್ದರೆ ಎರಡೂ ಕಡೆ ಕಳೆಯುತ್ತವೆ. ಓದುಗರೇ, ನಿಮ್ಮ ಗುಡ್ಡೆಯ ಮನೆಯನ್ನು ಅಜ್ಜ ಅಲ್ಲಿಯೇ ಏಕೆ ಕಟ್ಟಿದರೆಂದು ಮನೆಯ ಹಿರಿಯರನ್ನು ಒಮ್ಮೆ ಕೇಳಿ, ಬರೆದಿಟ್ಟುಕೊಳ್ಳಿ.