ಕ್ರೂಸರ್

ಉತ್ತರ ಕರ್ನಾಟಕದವರಿಗೆ ಕ್ರೂಸರ್ ಎಂದರೆ ಮದುವೆಗೆ, ಜಾತ್ರೆಗೆ ಜನರನ್ನು ತುಂಬಿಕೊಂಡು ಹೋಗುವ ಜೀಪು. ಪದ ಹುಟ್ಟಿದ್ದು ಮಾತ್ರ ಕಡಲಿನಲ್ಲಿ. ಡಚ್ ಭಾಷೆಯಲ್ಲಿ ಶಿಲುಬೆಗಿರುವ ಪದದಿಂದ ಅಡ್ಡಹಾಯುವುದು, ಅತ್ತಿಂದಿತ್ತ ಸುತ್ತುವುದು ಎಂಬ ಕ್ರಿಯಾಪದ ಬಂತು; 17ನೇ ಶತಮಾನದಲ್ಲಿ ಅದು ಇಂಗ್ಲಿಷಿಗೆ ದಾಟಿತು.

ಹಾಯಿಹಡಗಿನ ಕಾಲದಲ್ಲಿ ಇದು ಹಡಗಿನ ಜಾತಿಯಲ್ಲ, ಕೆಲಸದ ಹೆಸರು. ಪಡೆಯಿಂದ ದೂರ ಒಂಟಿಯಾಗಿ ಅಲೆಯುತ್ತ ವ್ಯಾಪಾರಿ ಹಡಗುಗಳನ್ನು ಕಾಯುವ, ಇಲ್ಲವೇ ಹಿಡಿಯುವ ಯಾವ ನೌಕೆಯೂ ಕ್ರೂಸರ್ ಆಗಬಹುದಿತ್ತು. ಉಗಿ, ಉಕ್ಕು ಬಂದಮೇಲೆ ಅದೇ ಒಂದು ಜಾತಿಯಾಯಿತು.

ಇಂಗ್ಲೆಂಡಿನ ಆರ್ಮ್‌ಸ್ಟ್ರಾಂಗ್ ಕಂಪನಿ ಚಿಲಿ ದೇಶಕ್ಕಾಗಿ ಕಟ್ಟಿ 1883ರಲ್ಲಿ ನೀರಿಗಿಳಿಸಿದ ‘ಎಸ್ಮೆರಾಲ್ಡಾ’ ನನಗೆ ಬಹಳ ಮೆಚ್ಚು. ಅದರ ಪಕ್ಕಗಳಿಗೆ ಭಾರವಾದ ಕವಚವಿಲ್ಲ. ಯಂತ್ರ, ಮದ್ದುಗುಂಡುಗಳ ಮೇಲೆ ಆಮೆಚಿಪ್ಪಿನಂತೆ ಬಾಗಿದ ಉಕ್ಕಿನ ಹೊದಿಕೆ. ಬದಿಯಲ್ಲಿ ತುಂಬಿದ ಕಲ್ಲಿದ್ದಲೂ ಗುಂಡು ತಡೆಯಬೇಕು. ಉರುವಲೇ ಗುರಾಣಿ! ಉಳಿದ ಭಾರ 18 ನಾಟ್ ವೇಗವಾಯಿತು. ಇಂಥವನ್ನು ‘ಪ್ರೊಟೆಕ್ಟೆಡ್ ಕ್ರೂಸರ್’ ಎಂದರು.

1894ರಲ್ಲಿ ಜಪಾನ್ ಅದನ್ನು ಕೊಂಡು ‘ಇಜುಮಿ’ ಎಂದು ಹೆಸರಿಟ್ಟಿತು. 1905ರ ಮೇ 27ರ ಬೆಳಗ್ಗೆ, ತ್ಸುಶಿಮಾ ಕಾಳಗಕ್ಕೆ ಮುನ್ನ, ರಷ್ಯದ ನೌಕಾಪಡೆಯ ಬೆನ್ನುಹತ್ತಿ ತಂತಿರಹಿತ ಸಂದೇಶ ಕಳಿಸುತ್ತಿದ್ದದ್ದು ಈ ಮುದಿ ಹಡಗೇ.